ನೋಡೋಣ ಅಂದಿದ್ದಕ್ಕೆ ಒಂದು ದಿನದ ಗಾಳಿ ಹೋಯಿತು

2023ರ ಫೆಬ್ರವರಿ 1, ಬುಧವಾರ. ಮೀಟಿಂಗ್ ರೂಮಿನಲ್ಲಿ, ನಮಗೆ ಅಭ್ಯಾಸ ಕೊಡುವ ಮೇಷ್ಟ್ರು ನನ್ನ ಮುಂದೆ ಒಂದು ಕಂದು ಕವರ್ ಇಟ್ಟರು. ಎದುರಿಗೆ ಕೂತಿದ್ದವರ ಮುಂದೆ ಅಂಥದ್ದೇ ಇನ್ನೊಂದು. ಒಳಗೆ ಒಂದೇ ಹಾಳೆ, ಮೂರೇ ಸಾಲು. ಕೊಲಂಬಿಯಾ ಮೇಲಿದೆ, ಒಳಗೆ ಏಳು ಜನ. ಎಡ ರೆಕ್ಕೆಯಲ್ಲಿ ತೂತು ಬಿದ್ದಿರುವುದು ನಿಮಗೆ ಗೊತ್ತು. ಅವರನ್ನು ಇಳಿಸಿ ತನ್ನಿ.

ಅವತ್ತಿಗೆ ಸರಿಯಾಗಿ ಇಪ್ಪತ್ತು ವರ್ಷ. 2003ರ ಅದೇ ದಿನ, ನೆಲ ಮುಟ್ಟಲು ಇನ್ನು 16 ನಿಮಿಷ ಇರುವಾಗ ನಾಸಾದ ಬಾಹ್ಯಾಕಾಶ ಷಟಲ್ ಕೊಲಂಬಿಯಾ ಒಡೆದು ಚೂರಾಗಿತ್ತು. ಮೇಷ್ಟ್ರು ತಾರೀಕು ನೋಡಿಯೇ ಈ ಕವರ್ ತಂದಿದ್ದರು.

ನಾನು ಟೋಕಿಯೊದ ಒಂದು ಚಿಕ್ಕ ಉಪಗ್ರಹ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಮೇಲಿರುವ ಉಪಗ್ರಹಗಳ ಬ್ಯಾಟರಿ, ಬಿಸಿ, ತಂಪು ನೋಡಿಕೊಳ್ಳುವುದು ನನ್ನ ಪಾಲು. ವರ್ಷಕ್ಕೊಮ್ಮೆ ಬೇರೆ ಬೇರೆ ತಂಡದ ಇಬ್ಬರನ್ನು ಜೋಡಿ ಮಾಡಿ ತುರ್ತು ಪರಿಸ್ಥಿತಿಯ ಅಭ್ಯಾಸ ಕೊಡುತ್ತಾರೆ. ಸಾಮಾನ್ಯವಾಗಿ ಯಾವುದೋ ಕಾಲ್ಪನಿಕ ಉಪಗ್ರಹ ಇರುತ್ತೆ. ಕೆಟ್ಟರೂ ಯಾರಿಗೂ ಏನೂ ಆಗಲ್ಲ. ಈ ಸಲ ಹಾಗಲ್ಲ.

ನನಗೆ ಆ ಮೂರು ಸಾಲು ಓದಿ ಹೊಟ್ಟೆಯೊಳಗೆ ಏನೋ ಆಯಿತು. ನಮ್ಮೂರು ಹಾಸನ. 2003ರಲ್ಲಿ ನಾನು ಒಂಬತ್ತನೇ ಕ್ಲಾಸು. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ದೊಡ್ಡ ಬಿಳಿ ಆಂಟೆನಾ ತಟ್ಟೆಗಳು ಕಾಣುತ್ತಿದ್ದವು. ಕೊಲಂಬಿಯಾ ಹೋದ ನಾಲ್ಕೇ ದಿನಕ್ಕೆ, ಫೆಬ್ರವರಿ 5ರಂದು, ಇಸ್ರೋದ ಮೆಟ್‌ಸ್ಯಾಟ್ ಉಪಗ್ರಹಕ್ಕೆ ಕಲ್ಪನಾ-1 ಅಂತ ಹೆಸರಿಟ್ಟರು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಅದೇ ತಟ್ಟೆಗಳು. "ಆ ಹುಡುಗಿ ಈಗ ನಮ್ಮೂರಿನ ಮೇಲೆ ಇದ್ದಾಳೆ ಕಣೋ" ಅಂತ ಅಪ್ಪ ಹೇಳಿದ್ದು ನೆನಪಿದೆ. ಕೊಲಂಬಿಯಾದ ಏಳು ಜನರಲ್ಲಿ ಒಬ್ಬರಾಗಿದ್ದ ಕಲ್ಪನಾ ಚಾವ್ಲಾ ಹರಿಯಾಣದ ಕರ್ನಾಲ್‌ನವರು. ಅಪ್ಪನಿಗೆ ಆ ವಿವರ ಮುಖ್ಯ ಆಗಿರಲಿಲ್ಲ.

ನನ್ನ ಜೋಡಿಯಾಗಿ ಬಂದವರು ಕಕ್ಷೆಯ ಲೆಕ್ಕ ಮಾಡುವ ತಂಡದವರು. ಒಸಾಕಾ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಜಪಾನಿನಲ್ಲಿ ಹೆಸರಿನ ಹಿಂದೆ ಸಾನ್ ಸೇರಿಸದೆ ಕರೆಯುವುದು ಅಷ್ಟು ಚೆನ್ನಾಗಿರಲ್ಲ, ನಮ್ಮಲ್ಲಿ "ಅವರೇ" ಸೇರಿಸದೆ ಹಿರಿಯರ ಹೆಸರು ಕೂಗಿದ ಹಾಗೆ. ಅವರ ಹೆಸರು ಇಲ್ಲಿ ಬೇಡ, ಬರೀ ಸಾನ್ ಅಂತಲೇ ಬರೆಯುತ್ತೇನೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಆಫೀಸಿನ ಭಾಷೆ, ಮನೆಯದ್ದಲ್ಲ. ಆಮೇಲೆ ಆದ ಎಲ್ಲ ರಾಮಾಯಣಕ್ಕೂ ಇದೇ ಮೂಲ.

ಮೇಷ್ಟ್ರ ನಿಯಮ ಕಡಿಮೆ, ಆದರೆ ಕಟ್ಟುನಿಟ್ಟು. ನಮ್ಮ ಒಂದು ಕೆಲಸದ ದಿನ ಅಂದರೆ ಮೇಲೆ ಎರಡು ದಿನ. ಫೆಬ್ರವರಿ 1 ಅಂದರೆ 2003ರ ಜನವರಿ 16, 17. ಪ್ರತಿ ಆದೇಶಕ್ಕೂ ಇಬ್ಬರ ಸಹಿ ಬೇಕು, ಒಬ್ಬರದು ಇಲ್ಲದಿದ್ದರೂ ಅದು ಹೊರಡಲ್ಲ. ಶುಕ್ರವಾರ ಶುಕ್ರವಾರ ಬಿಸ್ಕೆಟ್ ಡಬ್ಬಿಯಿಂದ ಒಂದು ಅಡ್ಡಿ ಚೀಟಿ ಎತ್ತುತ್ತಾರೆ. ಫೆಬ್ರವರಿ 24ಕ್ಕೆ ಮೂವರು ಹಿರಿಯರ ಮುಂದೆ ಕೊನೆಯ ರಿವ್ಯೂ. ಜೊತೆಗೆ 2003ರ ಆಗಸ್ಟ್‌ನಲ್ಲಿ ಬಂದ ಅಪಘಾತ ತನಿಖಾ ಮಂಡಳಿಯ ವರದಿ ಕೊಟ್ಟರು. ಕೊಲಂಬಿಯಾದವರನ್ನು ಉಳಿಸಬಹುದಿತ್ತಾ ಅನ್ನುವ ಪ್ರಶ್ನೆಗೆ ಆ ವರದಿಯಲ್ಲೇ ಒಂದು ಭಾಗ ಇದೆ. ಅದನ್ನು ನಕಲು ಹೊಡೆಯೋ ಹಾಗಿಲ್ಲ, ಅಂಕಿ ಅಂಶ ಮಾತ್ರ ತಗೋಬಹುದು.

ಏನಾಗಿತ್ತು ಅನ್ನುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜನವರಿ 16ರಂದು ಹೊರಟ 82 ಸೆಕೆಂಡಿಗೆ ದೊಡ್ಡ ಇಂಧನ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು ಕಿತ್ತು ಬಂತು. ಮುಕ್ಕಾಲು ಕೆಜಿ ಇದ್ದಿರಬೇಕು. ಅದು ಎಡ ರೆಕ್ಕೆಯ ಮುಂಚೂಣಿಗೆ ಬಡಿಯಿತು. ಫೋಮ್ ಅಂದರೆ ಥರ್ಮೋಕೋಲ್ ಥರ, ಅದು ಬಡಿದರೆ ಏನಾಗುತ್ತೆ ಅಂತ ಅನ್ನಿಸುತ್ತೆ ಅಲ್ವಾ? ಅಲ್ಲಿದ್ದ ಬಹಳ ಜನರಿಗೂ ಹಾಗೇ ಅನ್ನಿಸಿತ್ತು. ಆ ಜುಲೈನಲ್ಲಿ ಅಂಥದ್ದೇ ತುಂಡನ್ನು ಅದೇ ವೇಗದಲ್ಲಿ ಒಂದು ನಿಜವಾದ ರೆಕ್ಕೆಯ ಫಲಕಕ್ಕೆ ಹೊಡೆದು ನೋಡಿದರು. ಒಂದು ಅಡಿಗಿಂತ ಅಗಲದ ತೂತು ಬಿತ್ತು.

ಮೊದಲ ದಿನ ನನ್ನ ಮೊದಲ ಮಾತು: "ಅವರನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿಬಿಡೋಣ, ಅಲ್ಲಿ ಊಟ ಇದೆ, ಗಾಳಿ ಇದೆ." ಸಾನ್ ಏನೂ ಹೇಳದೆ ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ಕೊಲಂಬಿಯಾದ ಕಕ್ಷೆ ಸಮಭಾಜಕಕ್ಕೆ 39 ಡಿಗ್ರಿ ಓರೆ. ನಿಲ್ದಾಣದ್ದು 51.6 ಡಿಗ್ರಿ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುವಾಗ ಅಷ್ಟು ಪಕ್ಕಕ್ಕೆ ತಿರುಗಬೇಕು. ಅದಕ್ಕೆ ಸೆಕೆಂಡಿಗೆ ಸುಮಾರು 1.7 ಕಿಲೋಮೀಟರ್ ವೇಗದ ಬದಲಾವಣೆ ಬೇಕು. ಷಟಲ್‌ನ ಟ್ಯಾಂಕ್ ತುಂಬಿದ್ದರೂ ಸಿಗುವುದು ಸುಮಾರು 0.3. ನಾನು ಪುಟ ತಿರುವಿ ವಾಪಸ್ ಕೊಟ್ಟೆ. ಆ ದಾರಿ ಅಲ್ಲಿಗೆ ಮುಗಿಯಿತು.

ಉಳಿದದ್ದು ಎರಡು. ಒಂದು, ಇದ್ದಿದ್ದರಲ್ಲೇ ತೂತು ಮುಚ್ಚಿ ಇಳಿಸುವುದು. ಇನ್ನೊಂದು, ಇನ್ನೊಂದು ಷಟಲ್ ಕಳಿಸುವುದು. ಅಟ್ಲಾಂಟಿಸ್ ಮಾರ್ಚ್ 1ಕ್ಕೆ ಹೊರಡಲು ತಯಾರಾಗುತ್ತಿತ್ತು. ಎಂಜಿನ್ ಕೂರಿಸಿ ಆಗಿತ್ತು, ಟ್ಯಾಂಕೂ ಬೂಸ್ಟರೂ ಜೋಡಿಸಿ ನಿಂತಿದ್ದವು. ಮೂರು ಪಾಳಿಯಲ್ಲಿ, ವಾರದ ಏಳೂ ದಿನ ದುಡಿದರೆ ಫೆಬ್ರವರಿ 10ಕ್ಕೆ ಹೊರಡಿಸಬಹುದು, ಅದೂ ಮುಖ್ಯ ಪರೀಕ್ಷೆ ಯಾವುದನ್ನೂ ಬಿಡದೆ.

ಮೇಲಿನವರು ಅಲ್ಲಿಯವರೆಗೆ ಇರಬೇಕಲ್ಲ, ಅದು ನನ್ನ ಪಾಲಿನ ಲೆಕ್ಕ. ಮುಚ್ಚಿದ ಡಬ್ಬಿಯೊಳಗೆ ಏಳು ಜನ. ಮೊದಲು ಮುಗಿಯುವುದು ಊಟ ಅಲ್ಲ, ನೀರಲ್ಲ, ಆಮ್ಲಜನಕವೂ ಅಲ್ಲ. ಅವರೇ ಬಿಟ್ಟ ಉಸಿರು ಅವರಿಗೆ ವಿಷ ಆಗುತ್ತೆ. ಆ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳಲು ಲಿಥಿಯಂ ಹೈಡ್ರಾಕ್ಸೈಡ್ ತುಂಬಿದ ಡಬ್ಬಿಗಳಿರುತ್ತವೆ. ಅವನ್ನು ಮೊದಲೇ ಎಣಿಸಿ ಒಯ್ದಿರುತ್ತಾರೆ. ಪ್ರಯೋಗ ಎಲ್ಲ ನಿಲ್ಲಿಸಿ, ವಿದ್ಯುತ್ ಕಡಿಮೆ ಮಾಡಿ, ಓಡಾಟ ಬಿಟ್ಟು, ಜಾಸ್ತಿ ಹೊತ್ತು ನಿದ್ದೆ ಮಾಡಿದರೆ ಫೆಬ್ರವರಿ 15ರ ಬೆಳಿಗ್ಗೆವರೆಗೆ ಬರುತ್ತೆ. ಅಂದರೆ ಮೂವತ್ತು ದಿನ.

ಬಿಳಿ ಬೋರ್ಡಿನ ಮೇಲೆ ಎರಡು ಗೆರೆ ಎಳೆದೆವು. 10 ಮತ್ತು 15. ನಮ್ಮ ಹತ್ತಿರ ಇದ್ದದ್ದು ಆ ಐದು ದಿನ.

ಶುಕ್ರವಾರ, ಫೆಬ್ರವರಿ 3. ನಾನು ವಿದ್ಯುತ್ ಕಡಿತದ ಪಟ್ಟಿ ಮಾಡಿ ಸಾನ್‌ಗೆ ಕೊಟ್ಟೆ. ತಕ್ಷಣ ಎಲ್ಲ ಆಫ್ ಮಾಡಿಸಬೇಕು ಅನ್ನುವುದು ನನ್ನ ಆತುರ. ಅವರು ಓದಿದರು. ಹಲ್ಲಿನ ನಡುವೆ ಉಸಿರು ಎಳೆದುಕೊಂಡು "ಇದು ಸ್ವಲ್ಪ ಕಷ್ಟ ಇರಬಹುದು" ಅಂದರು. ನಾನು "ಹೌದು, ಕಷ್ಟಾನೇ" ಅಂದು ಖುಷಿಯಾಗಿ ತಲೆ ಆಡಿಸಿದೆ. ಕಷ್ಟ ಇದೆ, ಆದರೆ ಮಾಡ್ತೀವಿ, ಅಂತ ನನ್ನ ಅರ್ಥ. ಆಫೀಸಿನ ಇಂಗ್ಲಿಷಿನಲ್ಲಿ ಕಷ್ಟ ಅಂದರೆ ಹಾಗೇ ತಾನೇ? ಸವಾಲು, ಉತ್ಸಾಹ, ಇತ್ಯಾದಿ.

ಅವತ್ತೇ ಅವರು ನನಗೊಂದು ಹಾಳೆ ಕೊಟ್ಟಿದ್ದರು. ತೂತು ಮುಚ್ಚುವ ದಾರಿಯದ್ದು. ಒಬ್ಬರು ರೆಕ್ಕೆಯ ಹತ್ತಿರ ಇಳಿಯಬೇಕು, ಕ್ಯಾಬಿನ್ನಿನಿಂದ ಕಿತ್ತ ಲೋಹದ ಚೂರುಗಳನ್ನು ತೂತಿಗೆ ತುಂಬಬೇಕು, ನೀರಿನ ಚೀಲ ಇಟ್ಟು ಅದು ಹೆಪ್ಪುಗಟ್ಟಲು ಬಿಡಬೇಕು. ಇದಕ್ಕೆಲ್ಲ ಮೈಗೆ ಎಷ್ಟು ಶ್ರಮ, ಎಷ್ಟು ಗಾಳಿ ಖರ್ಚು, ಲೆಕ್ಕ ಮಾಡಿಕೊಡ್ತೀರಾ ಅಂತ ಕೇಳಿದರು. ನನಗೆ ಆ ಯೋಚನೆಯೇ ಹಿಡಿಸಿರಲಿಲ್ಲ. ಐಸ್ ಇಟ್ಟು ತೇಪೆ ಹಾಕಿ ಬೆಂಕಿಯೊಳಗೆ ಇಳಿಯೋದಾ? ಆದರೆ ಹಿರಿಯರಿಗೆ ಮುಖದ ಮೇಲೆ ಹೇಳೋದು ಹೇಗೆ? "ನೋಡೋಣ" ಅಂದೆ. ಇಂಗ್ಲಿಷಿನಲ್ಲೇ ಅಂದೆ, ಆದರೆ ನಮ್ಮೂರಿನ ನೋಡೋಣ ಅದು. ಸಾಲ ಕೇಳಲು ಬಂದ ನೆಂಟರಿಗೆ ಅಪ್ಪ ಹೇಳುತ್ತಿದ್ದರಲ್ಲ, ಅದೇ. ಸಾನ್ ಬಗ್ಗಿ ಥ್ಯಾಂಕ್ಸ್ ಹೇಳಿ ಹೋದರು.

ಸೋಮವಾರ ನಾನು ಅವರ ಸಹಿಗೆ ಕಾದೆ. ಅವರು ನನ್ನ ಲೆಕ್ಕಕ್ಕೆ ಕಾದರು. ಮಂಗಳವಾರವೂ ಅದೇ. ಮಧ್ಯೆ ನಾಲ್ಕು ಸಲ ಕಾಫಿ ಮೆಷಿನ್ ಹತ್ತಿರ ಸಿಕ್ಕಿ ಹವಾಮಾನದ ಬಗ್ಗೆ ಮಾತಾಡಿದೆವು. ಇಬ್ಬರೂ ಎಷ್ಟು ಒಳ್ಳೆಯವರು ನೋಡಿ, ಒಬ್ಬರನ್ನೊಬ್ಬರು ಅವಸರ ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಬೋರ್ಡಿನ ಮೇಲೆ 15 ಅಂತ ಇದ್ದದ್ದನ್ನು ಒರೆಸಿ 14 ಅಂತ ಬರೆದರು. "ಮೇಲೆ ನಾಲ್ಕು ದಿನದಿಂದ ಎಲ್ಲ ಲೈಟೂ ಉರೀತಿದೆ. ಯಾರೂ ಆಫ್ ಮಾಡಿ ಅಂತ ಹೇಳಿಲ್ಲ. ಒಂದು ದಿನದ ಗಾಳಿ ಕಟ್" ಅಂದರು. ಮತ್ತೆ ಬಾಗಿಲ ಹತ್ತಿರ ನಿಂತು, "ಅಂದಹಾಗೆ, ನಿಮ್ಮ ಸೋಮವಾರ ಅಲ್ಲಿ ಜನವರಿ 22" ಅಂದು ಹೋದರು.

ನನಗೆ ಅದು ಅರ್ಥ ಆಗಲಿಲ್ಲ. ಸಾನ್ ವರದಿಯ ಪುಟ ಹುಡುಕಿ ತೋರಿಸಿದರು. ರೆಕ್ಕೆಯ ಫೋಟೋ ತೆಗೆಸಿ ಅಂತ ನಾಸಾ ಎಂಜಿನಿಯರುಗಳು ಕೇಳಿಕೊಂಡಿದ್ದರು, ಒಂದಲ್ಲ, ಮೂರು ಕಡೆಯಿಂದ. ಆ ಕೋರಿಕೆಯನ್ನು ರದ್ದು ಮಾಡಿದ್ದು 2003ರ ಜನವರಿ 22ರಂದು. ರಾಡ್ನಿ ರೋಚಾ ಅನ್ನುವ ಎಂಜಿನಿಯರ್ ಇದು ತಪ್ಪು ಅಂತ ಖಾರವಾಗಿ ಒಂದು ಇಮೇಲ್ ಬರೆದರು. ಅಪಾಯ ಕಂಡರೆ ಹೇಳಿ ಅಂತ ಗೋಡೆ ತುಂಬ ಪೋಸ್ಟರ್ ಅಂಟಿಸಿದ್ದೀವಲ್ಲ, ಇದು ಅಷ್ಟೇ ಗಂಭೀರ, ಅನ್ನುವ ಧಾಟಿಯಲ್ಲಿ. ಪ್ರಿಂಟ್ ತೆಗೆದು ಪಕ್ಕದವರಿಗೆ ತೋರಿಸಿದರು. ಕಳಿಸಬೇಕಾದವರಿಗೆ ಕಳಿಸಲಿಲ್ಲ. ಅಲ್ಲಿದ್ದವರಲ್ಲಿ ಕನ್ನಡದವರೂ ಇಲ್ಲ, ಜಪಾನಿನವರೂ ಇಲ್ಲ. ಎಲ್ಲರ ಮಾತೃಭಾಷೆ ಹೆಚ್ಚುಕಡಿಮೆ ಇಂಗ್ಲಿಷೇ.

ಮಧ್ಯಾಹ್ನ ಇಬ್ಬರೂ ಆಫೀಸಿನ ಹಿಂದಿನ ಉದೋನ್ ಅಂಗಡಿಗೆ ಹೋದೆವು. ಮೊದಲ ಹತ್ತು ನಿಮಿಷ ಬರೀ ನೂಡಲ್ ಸೊರ್ ಅಂತ ಹೀರುವ ಸದ್ದು. ಆಮೇಲೆ ನಾನೇ ಕೇಳಿದೆ, "ಶುಕ್ರವಾರ ನೀವು ಕಷ್ಟ ಅಂದಿರಲ್ಲ, ಅದರ ಅರ್ಥ ಏನು?"

"ಆಗಲ್ಲ ಅಂತ."

"ಹಾಗಾದ್ರೆ ಆಗಲ್ಲ ಅಂತ ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ."

ಜಪಾನಿಯಲ್ಲಿ "ಚೊತ್ತೊ..." ಅಂತ ಎಳೆದು ಸುಮ್ಮನಾದರೆ ಮುಗೀತು, ಕೇಳಿದವರಿಗೆ ಪೂರ್ತಿ ಗೊತ್ತಾಗುತ್ತೆ. ಚೊತ್ತೊ ಅಂದರೆ ಸ್ವಲ್ಪ. ಸ್ವಲ್ಪ ಏನು ಅಂತ ಯಾರೂ ಕೇಳಲ್ಲ. ನಾನು ನೋಡೋಣದ ಕಥೆ ಹೇಳಿದೆ. ಅವರು ಚಾಪ್‌ಸ್ಟಿಕ್ ಕೆಳಗಿಟ್ಟರು. "ಅಂದರೆ ನೀವು ಆ ಲೆಕ್ಕ ಮಾಡ್ತಾನೇ ಇರಲಿಲ್ಲವಾ?" "ಇಲ್ಲ." ಒಂದು ಕ್ಷಣ ಬಿಟ್ಟು ಜೋರಾಗಿ ನಕ್ಕರು. ಅಷ್ಟು ಜೋರಾಗಿ ನಗುವವರು ಅಂತ ಆಗಲೇ ಗೊತ್ತಾಗಿದ್ದು.

ನನಗೆ ಹೊಳೆದದ್ದು ಇಷ್ಟು. ಅವರೇನಾದರೂ ಕನ್ನಡದಲ್ಲಿ "ಕಷ್ಟ ಆಗುತ್ತೆ" ಅಂದಿದ್ದರೆ ನಾನು ಆ ಕ್ಷಣವೇ ಪಟ್ಟಿ ವಾಪಸ್ ತಗೊಂಡು ಬಿಡುತ್ತಿದ್ದೆ. ನಮ್ಮಲ್ಲೂ ಅದು ಇಲ್ಲ ಅಂತಲೇ ಅಲ್ವಾ. ಇಬ್ಬರ ಮನೆಯಲ್ಲೂ ಇಲ್ಲ ಅನ್ನುವುದನ್ನು ಬಟ್ಟೆ ಸುತ್ತಿಯೇ ಕೊಡುತ್ತಾರೆ. ಮಧ್ಯದ ಇಂಗ್ಲಿಷಿನಲ್ಲಿ ಬಟ್ಟೆ ಮಾತ್ರ ತಲುಪಿತು, ಒಳಗಿದ್ದದ್ದು ದಾರಿಯಲ್ಲೇ ಬಿದ್ದುಹೋಯಿತು. ಎರಡು ದೇಶದವರು ಬೇರೆ ಬೇರೆ ಥರ ಇರುತ್ತಾರೆ, ಹೊಂದಿಕೊಂಡು ಹೋಗಬೇಕು ಅಂತ ತರಬೇತಿಗಳಲ್ಲಿ ಹೇಳ್ತಾನೇ ಇರುತ್ತಾರೆ. ನಾವಿಬ್ಬರೂ ಒಂದೇ ಥರ ಇದ್ದೆವು, ತೊಂದರೆ ಆಗಿದ್ದು ಅದರಿಂದಲೇ.

ಅಂಗಡಿಯ ಟಿಶ್ಯೂ ಮೇಲೆ ಮೂರು ಖಾನೆ ಬರೆದೆವು. ಆಗುತ್ತೆ. ಆಗಲ್ಲ. ಗೊತ್ತಿಲ್ಲ. ಇನ್ನು ಮೇಲೆ ಯಾವ ಮಾತಿಗೂ ಈ ಮೂರರಲ್ಲೇ ಉತ್ತರ. ನೋಡೋಣ, ಚೊತ್ತೊ ಎರಡಕ್ಕೂ ನಿಷೇಧ. ಗೊತ್ತಿಲ್ಲ ಅಂದರೆ ಎಷ್ಟು ಹೊತ್ತಿಗೆ ಗೊತ್ತಾಗುತ್ತೆ ಅಂತ ಗಂಟೆ ಸಮೇತ ಹೇಳಬೇಕು.

ಆಫೀಸಿಗೆ ಬಂದು ಹತ್ತು ನಿಮಿಷದಲ್ಲಿ ವಿದ್ಯುತ್ ಕಡಿತದ ಗಂಟು ಬಿಚ್ಚಿತು. ಸಾನ್ ತಕರಾರು ಸರಳವಾಗಿತ್ತು: ರೆಕ್ಕೆ ನೋಡಲು ಹೊರಗೆ ಹೋಗುವವರಿಗೆ ವಿದ್ಯುತ್ ಬೇಕು, ನೌಕೆ ಅಲ್ಲಾಡದೆ ನಿಲ್ಲಬೇಕು. ಆ ಸಲ ಕೊಲಂಬಿಯಾದಲ್ಲಿ ರೋಬೋಟ್ ಕೈ ಇರಲಿಲ್ಲ, ಕ್ಯಾಮೆರಾ ಚಾಚಿ ನೋಡುವ ಹಾಗಿಲ್ಲ. ಮೊದಲು ನೋಡಿ ಬರಲಿ, ಆಮೇಲೆ ಆಫ್ ಮಾಡಿ. ಅಷ್ಟೇ. ಸಹಿ ಹಾಕಿದರು. ಐಸ್ ತೇಪೆಯ ಬಗ್ಗೆ ನಾನು "ಆಗಲ್ಲ" ಅಂದೆ. ಬಾಯಿ ಒಣಗಿತ್ತು. ಅವರು "ಯಾಕೆ?" ಅಂದರು, ನಾನು ಹೇಳಿದೆ. ಅವರು ಒಪ್ಪಲಿಲ್ಲ. ಅಟ್ಲಾಂಟಿಸ್ ಬರದೇ ಹೋದರೆ ಅದೊಂದೇ ಗತಿ, ಹಾಗಾಗಿ ಕಪಾಟಿನಲ್ಲಿ ಇರಲಿ ಅಂದರು. ಅವರು ಹೇಳಿದ್ದೇ ಸರಿ. ಆ ಲೆಕ್ಕ ಅವತ್ತು ರಾತ್ರಿ ಕೂತು ಮಾಡಿದೆ.

ಎರಡನೇ ವಾರ ಪೂರ್ತಿ ಹೋಗಿದ್ದು ಜನರನ್ನು ದಾಟಿಸುವ ಪಟ್ಟಿಗೆ. ಅಟ್ಲಾಂಟಿಸ್‌ನಲ್ಲಿ ನಾಲ್ಕೇ ಜನ ಹೋಗುತ್ತಾರೆ, ಇಬ್ಬರು ನಡೆಸಲು, ಇಬ್ಬರು ಹೊರಗೆ ಬರಲು. ಅದು ಕೊಲಂಬಿಯಾದ ಕೆಳಗೆ ಬಂದು ನಿಲ್ಲುತ್ತೆ, ಎರಡರ ಸರಕಿನ ಅಂಗಳ ಮುಖಾಮುಖಿ. ಬಾಲಕ್ಕೆ ಬಾಲ ತಾಗದ ಹಾಗೆ ಒಂದನ್ನು ಅಡ್ಡಡ್ಡ ತಿರುಗಿಸಬೇಕು. ಎರಡನ್ನೂ ಜೋಡಿಸುವ ಕೊಂಡಿ ಇಲ್ಲ. ಸುಮಾರು ಎಂಟೊಂಬತ್ತು ಗಂಟೆ ಹೊತ್ತು ಪೈಲಟ್‌ಗಳು ಸರದಿ ಮೇಲೆ ಕೈಯಲ್ಲೇ ಹಿಡಿದು ನಿಲ್ಲಿಸಬೇಕು. ಕೊಲಂಬಿಯಾದಲ್ಲಿ ಹೊರಗೆ ಹೋಗುವ ಸ್ಪೇಸ್‌ಸೂಟ್ ಎರಡೇ. ಇನ್ನೆರಡು ಅಟ್ಲಾಂಟಿಸ್ ತರಬೇಕು, ಜೊತೆಗೆ ಆ ಲಿಥಿಯಂ ಡಬ್ಬಿಗಳನ್ನೂ.

ನಾನು ಪಟ್ಟಿ ಮಾಡಿದೆ. ಇಬ್ಬರು, ಇಬ್ಬರು, ಇಬ್ಬರು, ಕೊನೆಗೆ ಕ್ಯಾಪ್ಟನ್ ರಿಕ್ ಹಸ್ಬೆಂಡ್. ಹಡಗಿನ ನಾಯಕ ಕೊನೆಗೆ ಇಳಿಯಬೇಕು, ನನಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ಸಾನ್ ಎದ್ದು ನಿಂತರು. ಟೋಕಿಯೊ ಮೆಟ್ರೋದಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ, ರೈಲಿನ ಸಿಬ್ಬಂದಿ ಬಿಳಿ ಗ್ಲೌಸ್ ಹಾಕಿದ ಬೆರಳನ್ನು ಸಿಗ್ನಲ್ ಕಡೆ ಚಾಚಿ ಗಟ್ಟಿಯಾಗಿ ಹೇಳುತ್ತಾರೆ. ಯಾರೂ ಪಕ್ಕದಲ್ಲಿ ಇಲ್ಲದಿದ್ದರೂ ಹೇಳುತ್ತಾರೆ. ನಿಶಿ ಕಸಾಯ್ ಸ್ಟೇಷನ್ನಿನಲ್ಲಿ ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ಸಾನ್ ಬೋರ್ಡಿನ ಒಂದೊಂದು ಖಾನೆಗೂ ಬೆರಳಿಟ್ಟು ಹಾಗೇ ಕೂಗಲು ಶುರು ಮಾಡಿದರು. ಒಳಗೆ ಏಳು, ಸೂಟ್ ಎರಡು, ಯೋಷಿ! ಯೋಷಿ ಅಂದರೆ ಸರಿ ಇದೆ ಅಂತ. ಒಳಗೆ ಐದು, ಯೋಷಿ! ಒಳಗೆ ಮೂರು, ಯೋಷಿ! ಒಳಗೆ ಒಂದು... ಬೆರಳು ಅಲ್ಲೇ ನಿಂತಿತು. ಯೋಷಿ ಬರಲಿಲ್ಲ.

"ಆಗಲ್ಲ" ಅಂದರು. ಚೊತ್ತೊ ಇಲ್ಲ, ಉಸಿರು ಎಳೆದುಕೊಂಡಿದ್ದೂ ಇಲ್ಲ.

ಆ ಸೂಟ್ ಶರ್ಟ್ ಅಲ್ಲ. ಮೈಗೆ ಏರಿಸಿಕೊಳ್ಳಲು ಇನ್ನೊಬ್ಬರ ಕೈ ಬೇಕು. ನನ್ನ ಪಟ್ಟಿಯಲ್ಲಿ ಕ್ಯಾಪ್ಟನ್ ಖಾಲಿ ನೌಕೆಯಲ್ಲಿ ಒಬ್ಬರೇ ಸೂಟ್ ಹಿಡಿದುಕೊಂಡು ನಿಂತಿದ್ದರು. ನಾನು ಗೌರವ ಕೊಡಲು ಹೋಗಿ ಅವರನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಏಳು ಬೆಸ ಸಂಖ್ಯೆ, ಯಾರಾದರೂ ಒಂಟಿಯಾಗಿ ಹೋಗಲೇಬೇಕು. ಅದು ಕೊನೆಯ ಸಲ ಆಗಬಾರದು. ಎರಡನೇ ಸಲ ಆಗಲಿ ಅಂದೆವು: ಇಬ್ಬರು, ಒಬ್ಬರು, ಇಬ್ಬರು, ಇಬ್ಬರು. ಆಗ ಉಳಿದವರು ಸೂಟ್ ಹಾಕಿಕೊಡುತ್ತಾರೆ, ಹೊರಗೆ ಅಟ್ಲಾಂಟಿಸ್‌ನ ಇಬ್ಬರು ಕೈ ಹಿಡಿಯುತ್ತಾರೆ. ಕೊನೆಯ ಜೋಡಿ ಮೈಕೆಲ್ ಆಂಡರ್ಸನ್ ಮತ್ತು ಡೇವಿಡ್ ಬ್ರೌನ್ ಇರಲಿ ಅಂದರು ಸಾನ್. ಆ ತಂಡದಲ್ಲಿ ಹೊರಗೆ ಹೋಗುವ ತರಬೇತಿ ಆಗಿದ್ದದ್ದು ಅವರಿಬ್ಬರಿಗೆ, ಮೂರನೆಯವರಿಲ್ಲದೆ ಸೂಟ್ ಹಾಕಿಕೊಳ್ಳುವ ಅವಕಾಶ ಯಾರಿಗಾದರೂ ಇದ್ದರೆ ಅವರಿಗೇ. ಕ್ಯಾಪ್ಟನ್ ಮೊದಲೇ ಇಳಿಯುವುದಾ ಅಂತ ನನಗೆ ಒಂದು ಗಂಟೆ ಹೊಟ್ಟೆಯುರಿ. ಆಮೇಲೆ ಸಹಿ ಹಾಕಿದೆ.

ಒಂಟಿ ಖಾನೆ ಖಾಲಿ ಇತ್ತು. ಯಾರ ಹೆಸರು ಅಂತ ಸಾನ್ ಕೇಳಿದರು. ನಾನು ಪೆನ್ನು ಹಿಡಿದು ಕಲ್ಪನಾ ಅಂತ ಕನ್ನಡದಲ್ಲೇ ಬರೆದುಬಿಟ್ಟೆ. ಅವರಿಗೆ ಓದಲು ಬರಲ್ಲ, ಆದರೂ ಕೇಳಲಿಲ್ಲ. ಬೆರಳಿಟ್ಟು ಮೆಲ್ಲಗೆ "ಯೋಷಿ" ಅಂದರು.

ಫೆಬ್ರವರಿ 17, ಶುಕ್ರವಾರ. ನಮ್ಮ ಕ್ಯಾಲೆಂಡರಿನಲ್ಲಿ ಅಟ್ಲಾಂಟಿಸ್ ಹೊರಡುವ ದಿನ. ಅವತ್ತೇ ಬೆಳಿಗ್ಗೆ ತನೆಗಾಶಿಮಾದಿಂದ ಜಪಾನಿನ ಹೊಸ ಎಚ್3 ರಾಕೆಟ್ ಮೊದಲ ಸಲ ಹೊರಡಬೇಕಿತ್ತು. ಇಡೀ ಆಫೀಸ್ ಟಿವಿ ಮುಂದೆ. ಎಣಿಕೆ ಮುಗಿಯಿತು, ಮುಖ್ಯ ಎಂಜಿನ್ ಹೊತ್ತಿಕೊಂಡಿತು, ಹೊಗೆ ಬಂತು. ಪಕ್ಕದ ಬೂಸ್ಟರ್‌ಗಳು ಹೊತ್ತಲೇ ಇಲ್ಲ. ರಾಕೆಟ್ ಹಾಗೇ ನಿಂತಿತ್ತು. ಸಂಜೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ವಿಷಯ. ಪತ್ರಿಕಾಗೋಷ್ಠಿಯಲ್ಲಿ ಅಧಿಕಾರಿಗಳು ಇದನ್ನು ಸೋಲು ಅನ್ನಲು ಒಪ್ಪದೆ ಬೇರೆ ಮಾತುಗಳಲ್ಲಿ ವಿವರಿಸುತ್ತಿದ್ದಾಗ, ಒಬ್ಬ ಪತ್ರಕರ್ತ ಸಾಮಾನ್ಯವಾಗಿ ಅದನ್ನು ಸೋಲು ಅಂತಾರೆ ಅಂದುಬಿಟ್ಟ. ಬಹಳ ಜನಕ್ಕೆ ಅವನ ಮೇಲೆ ಸಿಟ್ಟು ಬಂತು. ನಾನು ಸಾನ್‌ನ ಕೇಳಿದೆ, ನಿಮಗೆ ಏನನ್ನಿಸುತ್ತೆ? ಟಿಶ್ಯೂ ಮೇಲಿನ ಮೂರನೇ ಖಾನೆಗೆ ಬೆರಳಿಟ್ಟರು. ಗಂಟೆ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನನ್ನ ಕೇಳಿದರೆ, ಕಂಪ್ಯೂಟರ್ ತೊಂದರೆ ಕಂಡು ತಾನೇ ನಿಲ್ಲಿಸಿತಲ್ಲ, ಅದು ಸೋಲಲ್ಲ.

ಮೇಷ್ಟ್ರು ಅವತ್ತು ಎತ್ತಿದ ಚೀಟಿ: ಹೈಡ್ರೋಜನ್ ಸೋರಿಕೆ, ಉಡಾವಣೆ 48 ಗಂಟೆ ತಡ. ಅವರು ಬೇಕಂತಲೇ ಅದನ್ನು ಎತ್ತಿದರು ಅಂತ ನನ್ನ ಅನುಮಾನ ಇವತ್ತಿಗೂ ಇದೆ. 10 ಹೋಗಿ 12 ಆಯಿತು. ಹತ್ತಿರ ಹೋಗಲು ಒಂದು ದಿನ, 13. ಗಾಳಿ 14ಕ್ಕೆ ಮುಗಿಯುತ್ತೆ. 15 ಇರಬೇಕಿತ್ತು, ಅದನ್ನು ನಾವು ಕಾಫಿ ಮೆಷಿನ್ ಹತ್ತಿರ ನಿಂತು ಖರ್ಚು ಮಾಡಿದ್ದೆವು.

ಇಷ್ಟೆಲ್ಲ ಆದರೂ ನಿಜವಾದ ಜಗಳ ಆಗಿದ್ದು ಬೇರೆ ವಿಷಯಕ್ಕೆ. ಅಟ್ಲಾಂಟಿಸ್‌ಗೆ ಹಾಕಿದ್ದೂ ಅದೇ ಥರದ ಟ್ಯಾಂಕ್, ಅದೇ ಫೋಮ್. 2002ರ ಅಕ್ಟೋಬರಿನಲ್ಲಿ ಅಟ್ಲಾಂಟಿಸ್ ಹೋದಾಗಲೂ ಅದೇ ಜಾಗದ ಫೋಮ್ ಕಿತ್ತು ಬಂದಿತ್ತು, ಅದೃಷ್ಟಕ್ಕೆ ರೆಕ್ಕೆಗೆ ತಾಗಲಿಲ್ಲ. ಏಳು ಜನರಿಗಾಗಿ ಇನ್ನೂ ನಾಲ್ಕು ಜನರನ್ನು ಅದೇ ದಾರಿಯಲ್ಲಿ ಕಳಿಸಬೇಕು. ನನ್ನ ಮಾತು: ಹೋಗಲೇಬೇಕು, ಅದರಲ್ಲಿ ಯೋಚಿಸೋದು ಏನಿದೆ. ಸಾನ್ ಮಾತು: ಹೋಗಲಿ, ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಇವತ್ತೇ ಬರೆದಿಡೋಣ. ನಾನು "ಆ ಹೊತ್ತಿಗೆ ನೋಡಿಕೊಳ್ಳೋಣ" ಅಂದೆ. ಅವರು ಟಿಶ್ಯೂ ಎತ್ತಿ ಹಿಡಿದರು. ಸಿಕ್ಕಿಬಿದ್ದೆ.

ಎರಡು ದಿನ ಕೂತು ಬರೆದೆವು. ಹೋಗುವ ನಾಲ್ವರು ತಾವಾಗಿ ಒಪ್ಪಿದವರಾಗಿರಬೇಕು, ಫೋಮ್ ವಿಷಯ ಪೂರ್ತಿ ಗೊತ್ತಿರಬೇಕು. ಹತ್ತಿರ ಬರುವಾಗ ಕೊಲಂಬಿಯಾದವರು ಕಿಟಕಿಯಿಂದ ದುರ್ಬೀನು ಹಿಡಿದು ಅಟ್ಲಾಂಟಿಸ್‌ನ ರೆಕ್ಕೆ ಪರೀಕ್ಷಿಸಬೇಕು. ಎಲ್ಲರೂ ದಾಟಿದ ಮೇಲೆ ಕೊಲಂಬಿಯಾವನ್ನು ನೆಲದಿಂದಲೇ ಆಜ್ಞೆ ಕೊಟ್ಟು ಸಮುದ್ರಕ್ಕೆ ಬೀಳಿಸಬೇಕು, ಜನ ಇಲ್ಲದೆ ಅದನ್ನು ಇಳಿಸುವ ವ್ಯವಸ್ಥೆ ಆಗ ಇರಲಿಲ್ಲ. ಆ ಅಪಘಾತ ಆದ ಮೇಲೆ ನಾಸಾ ಇದನ್ನೆಲ್ಲ ಮೊದಲೇ ಯೋಚಿಸಿಡಲು ಶುರು ಮಾಡಿತು. 2009ರ ಮೇನಲ್ಲಿ ಹಬಲ್ ದೂರದರ್ಶಕದ ರಿಪೇರಿಗೆ ಅಟ್ಲಾಂಟಿಸ್ ಹೋದಾಗ, ಹೆಚ್ಚುಕಡಿಮೆ ಆದರೆ ಇರಲಿ ಅಂತ ಇನ್ನೊಂದು ಲಾಂಚ್ ಪ್ಯಾಡಿನಲ್ಲಿ ಎಂಡೆವರ್ ಷಟಲ್ ತಯಾರಾಗಿ ನಿಂತಿತ್ತು.

ಫೆಬ್ರವರಿ 24. ಹತ್ತು ಗಂಟೆಗೆ ರಿವ್ಯೂ. ಒಂಬತ್ತು ಇಪ್ಪತ್ತಕ್ಕೆ ನಾವಿಬ್ಬರೂ ಲಿಫ್ಟ್ ಹತ್ತಿರ ಒಂದೇ ಫೋನಿಗೆ ಕಣ್ಣಿಟ್ಟು ನಿಂತಿದ್ದೆವು. ಡಿಸೆಂಬರಿನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟಿಕೊಂಡಿದ್ದ ರಷ್ಯಾದ ಸೊಯುಜ್ ನೌಕೆ ಒಂದರಿಂದ ತಂಪು ಮಾಡುವ ದ್ರವ ಪೂರ್ತಿ ಸೋರಿಹೋಗಿತ್ತು. ಇಬ್ಬರು ರಷ್ಯನ್ನರು, ಒಬ್ಬ ಅಮೆರಿಕನ್, ಅವರ ವಾಪಸ್ ಗಾಡಿ ಅದೇ. ಅಮೆರಿಕದ ಫ್ರಾಂಕ್ ರುಬಿಯೊ ಅವರ ಸೀಟಿನ ಮೆತ್ತೆಯನ್ನು ತುರ್ತಿಗೆ ಇರಲಿ ಅಂತ ಜನವರಿಯಲ್ಲಿ ಡ್ರ್ಯಾಗನ್ ನೌಕೆಗೆ ಸಾಗಿಸಿದ್ದರು. ಜಪಾನಿನ ವಕಾತಾ ಕೊಯಿಚಿ ಕೂಡ ಆಗ ನಿಲ್ದಾಣದಲ್ಲೇ ಇದ್ದರು, ಹಾಗಾಗಿ ಸಾನ್ ಪ್ರತಿದಿನ ಈ ಸುದ್ದಿ ಹಿಂಬಾಲಿಸುತ್ತಿದ್ದರು. ಟೋಕಿಯೊ ಸಮಯ 9 ಗಂಟೆ 24 ನಿಮಿಷಕ್ಕೆ ಬೈಕನೂರಿನಿಂದ ಹೊಸ ಸೊಯುಜ್ ಹೊರಟಿತು. ಒಳಗೆ ಒಬ್ಬರೂ ಇರಲಿಲ್ಲ. ಮೂರು ಖಾಲಿ ಸೀಟು.

ರಿವ್ಯೂನಲ್ಲಿ ಮೂವರು ಹಿರಿಯರು. ಒಬ್ಬರು ದಾಟಿಸುವ ಸಮಯ ಇನ್ನೂ ಕಡಿಮೆ ಮಾಡಬಹುದಲ್ಲ, ಮೂರು ಸಲದಲ್ಲಿ ಮುಗಿಸಿ ಅಂದರು. ಅವರು ಸಾನ್‌ನ ವಿಭಾಗದ ದೊಡ್ಡವರು. ಸಾನ್ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು "ಆಗಲ್ಲ" ಅಂದರು. ರೂಮಿನಲ್ಲಿ ಎಸಿ ಸದ್ದು ಕೇಳಿಸಿತು. ಆಮೇಲೆ ಬೋರ್ಡಿಗೆ ಹೋಗಿ ಬೆರಳಿಟ್ಟು ಏಳರಿಂದ ಸೊನ್ನೆಯವರೆಗೆ ಎಣಿಸಿ ತೋರಿಸಿದರು. ದೊಡ್ಡವರು ಬರೆದುಕೊಂಡರು.

ಕೊನೆಯ ಪ್ರಶ್ನೆ ಮೇಷ್ಟ್ರದ್ದು. "ದುರ್ಬೀನಿನಲ್ಲಿ ನೋಡಿದಿರಿ. ಅಟ್ಲಾಂಟಿಸ್ ರೆಕ್ಕೆಯಲ್ಲೂ ತೂತು. ಈಗ ಮೇಲೆ ಹನ್ನೊಂದು ಜನ, ಎರಡು ಒಡೆದ ನೌಕೆ. ಏನು ಮಾಡ್ತೀರಿ?"

ನಾನು ಸಾನ್ ಕಡೆ ನೋಡಿದೆ. ಅವರು ನನ್ನ ಕಡೆ. ಇಬ್ಬರೂ ಒಟ್ಟಿಗೆ ಹೇಳಿದೆವು, "ಗೊತ್ತಿಲ್ಲ."

"ಎಷ್ಟು ಹೊತ್ತಿಗೆ ಗೊತ್ತಾಗುತ್ತೆ?" ಟಿಶ್ಯೂ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ.

ಅದಕ್ಕೂ ಉತ್ತರ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಸರಿ ಅಂದರು, ಫೈಲ್ ಮುಚ್ಚಿದರು.

ಭಾನುವಾರ ಬೆಳಿಗ್ಗೆ ಆ ಖಾಲಿ ಸೊಯುಜ್ ನಿಲ್ದಾಣಕ್ಕೆ ಹೋಗಿ ಕೂಡಿಕೊಂಡಿತು. ನಾನು ಚಿತ್ರಾನ್ನ ತಿನ್ನುತ್ತಾ ನೋಡುತ್ತಿದ್ದೆ. ಸಾನ್ ಮೆಸೇಜ್ ಬಂತು: ಮೂರು ಸೀಟು ತಲುಪಿದವು, ಯೋಷಿ.

ಸೋಮವಾರ ಆಫೀಸಿಗೆ ಹೋದಾಗ ನನ್ನ ಕೀಬೋರ್ಡ್ ಮೇಲೆ ಒಂದು ಹೊಸ ಹಾಳೆ ಇತ್ತು. ಅಭ್ಯಾಸ ಮುಗಿದಿತ್ತು, ಯಾರೂ ಕೇಳಿರಲಿಲ್ಲ. ಮೇಲೆ ಸಾನ್‌ನ ಪುಟ್ಟ ಅಕ್ಷರದಲ್ಲಿ: ಹನ್ನೊಂದು ಜನ, ಎರಡು ನೌಕೆ, ಎರಡೂ ಕಡೆಯ ಲಿಥಿಯಂ ಡಬ್ಬಿ ಸೇರಿಸಿದರೆ ಎಷ್ಟು ದಿನ? ಕೆಳಗೆ ಎರಡು ಸಹಿಯ ಗೆರೆ. ಒಂದರ ಮೇಲೆ ಅವರ ಸಹಿ ಆಗಲೇ ಇತ್ತು.